ಪಂಪಾವತಿ ಕಲಿತ ಕ್ಯಾಬರೆ ಹಾಡು

ಕೊಟ್ರಪ್ಪ: ನಾಳಿಂದ ಪಂಪಾವತಿ ಪಾಠಕ್ಕ ಬರಂಗಿಲ್ರಿ ಮಾಸ್ತರ. ಸಂಗೀತ ಕಲಸ್ರಿ ಅಂದ್ರ ಕ್ಯಾಬರೆ ಕಲಿಸೀರಿ. ಯಾವ ಸಿನಿಮಾದ್ದು ಅಂತ ಮಗಳs ಹೇಳಿದ್ಲು.

ಗಂಗಾವತಿಯಲ್ಲಿ ಸಿನಿಮಾ ತೋರಿಸುವ ವಿಡಿಯೋ ಮನೆ ಬಂದ ಹೊಸತು. ಅಕ್ಕಿ ವ್ಯಾಪಾರಿ ಕೊಟ್ರಪ್ಪ ಚಪ್ಪಲಿ ಬಿಡದೆ ಮಾಸ್ತರರ ಮನೆಯ ಹೊಸ್ತಿಲಲ್ಲೇ ನಿಂತಿದ್ದ, ಹಿಂದೆ ಹೆಂಡತಿ ಬಸವಣ್ಣೆಮ್ಮ. ಒಳಗೆ ಹಾರ್ಮೋನಿಯಂ ಮುಂದೆ ಮಗಳು. ಹೇಮಪ್ಪ ಮಾಸ್ತರರು ಗಡಬಡಿಸಿ ಎದ್ದು ಬಂದರು. ಸ್ವರವೇ ಹುಡುಕಿಕೊಂಡು ಬರುವಂಥ ಬೆರಳು ಅವರಿಗೆ ಸಿಕ್ಕಿದ್ದು ಈ ಹುಡುಗಿಯಲ್ಲಿ ಮಾತ್ರ.

ಮಾಸ್ತರ: ಧಾಟಿ ಭಾಳ ಛಲೋ ಐತ್ರಿ ಸಾವಕಾರ್ರ, ಅದಕ್ಕ ಕಲಿಸಿದೆ.

ಕೊಟ್ರಪ್ಪ: ಧಾಟಿ ಇರಲಿ. ಆ ಹಾಡಿನಾಗ ಕುಣಿಯಾಕಿ ಮೈಮ್ಯಾಲ ಏನೈತಿ?

ಮಾಸ್ತರ: ಹಾರ್ಮೋನಿಯಂನಾಗ ಆಕಿ ಕಾಣಂಗಿಲ್ರಿ. ಬೇಕಂದ್ರ ಪೆಟಿಗಿಗೆ ಒಂದು ಸೀರಿ ಉಡಸ್ತೀನಿ.

ಬಸವಣ್ಣೆಮ್ಮ: ಅಲ್ರಿ, ಆಕಿ ಮೈಮ್ಯಾಲ ಏನೈತಿ ಅನ್ನೂದು ನಿಮಗ ಹ್ಯಾಂಗ ಗೊತ್ತು?

ಕೊಟ್ರಪ್ಪ: ಭಜನಿ ಮ್ಯಾಳದವ್ರು ಎಲ್ಲಾರೂ ವಿಡಿಯೋಕ್ಕ ಹೋಗಿದ್ವಿ. ಊರಿನ ಹುಡುಗ್ರು ಏನು ನೋಡಾಕತ್ತಾರ ಅಂತ ಹಿರ್ಯಾರು ತಿಳಕೋಬೇಕಲ್ಲ.

ಬಸವಣ್ಣೆಮ್ಮ: ತಿಳೀತೇನು?

ಕೊಟ್ರಪ್ಪ: ಆ ಹಾಡು ಅರ್ಧಾ ಆಗೂದಕ್ಕ ಕರೆಂಟ ಹೋತು. ಅರ್ಧಾ ನೋಡಿ ತಪ್ಪು ಅನ್ನಾಕ ಬರತೈತೇನು? ಮರುದಿನ ಮತ್ತ ಹೋದ್ವಿ.

ಪಂಪಾವತಿ ನಗು ತಡೆಯಲು ದಾವಣಿಯ ತುದಿ ಕಚ್ಚಿದಳು.

ಮಾಸ್ತರ: ಸಿನಿಮಾ ಬ್ಯಾಡ ಬಿಡ್ರಿ. ಸೋಮವಾರ ನಿಮ್ಮ ಮ್ಯಾಳ ಹೊಸಾ ಭಜನಿ ಹಾಡತೈತಲ್ಲ, ಅದನ್ನs ಕಲಸ್ತೀನಿ. ಒಂದೆರಡು ಸಾಲು ಹಾಡ್ರಿ.

ಕೊಟ್ರಪ್ಪನ ಮುಖ ಅರಳಿತು. ಚಪ್ಪಲಿ ಬಿಟ್ಟು ಒಳಬಂದು, ಚಕ್ಕಳಮಕ್ಕಳ ಹಾಕಿ ಕುಳಿತು ಭಜನೆ ಎತ್ತಿಕೊಂಡ. ಮಗಳು ಜೊತೆಗೆ ನುಡಿಸಿದಳು. ಒಂದು ಸ್ವರವೂ ತಪ್ಪಲಿಲ್ಲ.

ಕೊಟ್ರಪ್ಪ: ಶಾಬಾಸ್. ಇದನ್ನ ಯಾವಾಗ ಕಲತಿ?

ಪಂಪಾವತಿ: ನೀನು ಬ್ಯಾಡ ಅಂದ ಹಾಡು ಇದs ಅಪ್ಪಾ. ನಿಮ್ಮ ಮ್ಯಾಳದವ್ರು ಸಾವಕಾಶ ಹಾಡತೀರಿ, ಅಷ್ಟ.

ಆ ಧಾಟಿಯನ್ನು ಹೊಸಪೇಟೆಯಿಂದ ತಂದವನು ಮೇಳದ ಪಂಪಣ್ಣ. ಯಾವ ಹಾಡಿನದೆಂದು ಯಾರೂ ಕೇಳಿರಲಿಲ್ಲ. ಮಾಸ್ತರರು ಮೀಸೆಯಡಿ ನಕ್ಕರು.

ಮಾಸ್ತರ: ಎರಡು ಸಲ ಹೋಗೀರಿ, ಧಾಟಿ ಗುರ್ತು ಹತ್ತಲಿಲ್ಲೇನ್ರಿ?

ಕೊಟ್ರಪ್ಪ: ಕೇಳಾಕ ಪುರಸೊತ್ತು ಎಲ್ಲಿತ್ರಿ?

ಬಸವಣ್ಣೆಮ್ಮ: ಹಂಗಾದ್ರ ಸೋಮವಾರ ಗುಡಿಯಾಗ ಕಣ್ಣು ಮುಚ್ಚಿ ತೂಗ್ಯಾಡಿ ಹಾಡತೀರಲ್ಲ, ಆವಾಗ ಯಾರು ಕಾಣತಾರ್ರಿ?

ಕೊಟ್ರಪ್ಪ ತಟ್ಟನೆ ಮಾಸ್ತರರ ಕಡೆ ತಿರುಗಿದ.

ಕೊಟ್ರಪ್ಪ: ನಾಳಿ ಹುಡುಗಿನ್ನ ಪಾಠಕ್ಕ ಲಗೂನ ಕಳಸ್ಲೇನ್ರಿ ಮಾಸ್ತರ?