ಎಂಟು ಶನಿವಾರ, ತೊಂಬತ್ತಾರು ಕಿಲೋ

ಆಗಸ್ಟ್ ಒಂಬತ್ತನೇ ತಾರೀಕು, ಶನಿವಾರ, ಬೆಳಿಗ್ಗೆ ಆರು ಗಂಟೆ ಐವತ್ತೆರಡು ನಿಮಿಷಕ್ಕೆ ಪೀಪಾಯಣ್ಣನ ಪ್ಯಾಂಟು ಜಾರಿ ನೆಲಕ್ಕೆ ಬಿತ್ತು. ಆಗ ಅವನು ಎರಡೂ ಕೈಯಲ್ಲಿ ಕನ್ನಡಿ ಹಿಡಿದು ಗದ್ದ ನೋಡಿಕೊಳ್ಳುತ್ತಿದ್ದ. ಒಂದು ಕಾಲಕ್ಕೆ ಎರಡಿದ್ದ ಗದ್ದ ಈಗ ಒಂದೂಕಾಲಿಗೆ ಇಳಿದಿತ್ತು.

"ಬಿತ್ತು! ರೀ, ಬಿತ್ತೂ!" ಎಂದು ಹೆಂಡತಿ ಸೌಟು ಹಿಡಿದೇ ಕುಣಿದಳು. ಲೋಟ ಬಿದ್ದರೆ ಅರ್ಧ ಗಂಟೆ ಬೈಯುವವಳು ಗಂಡನ ಪ್ಯಾಂಟು ಬಿದ್ದದ್ದಕ್ಕೆ ಹೀಗೆ ಹಿಗ್ಗಿದಳು.

ಹಿಗ್ಗುವುದಕ್ಕೆ ಕಾರಣವಿತ್ತು. ಪೀಪಾಯಣ್ಣ ಧಾನ್ಯದ ಗೋದಾಮೊಂದರಲ್ಲಿ ಮೂಟೆ ಲೆಕ್ಕ ಬರೆಯುವ ಗುಮಾಸ್ತ. ಎಂಟು ವಾರದ ಹಿಂದೆ ಯಜಮಾನರು ಎಲ್ಲರನ್ನೂ ಕರೆದು, ಗೋದಾಮಿನ ಸೂರಿನವರೆಗೂ ಕಪಾಟು ಕಟ್ಟಿಸುತ್ತೇನೆ, ಗುಮಾಸ್ತ ಇನ್ನು ಮುಂದೆ ಹಗ್ಗಕ್ಕೆ ತೂಗುಹಾಕಿದ ಕಬ್ಬಿಣದ ಪಂಜರದಲ್ಲಿ ನಿಂತು ಮೇಲೆ ಕೆಳಗೆ ಓಡಾಡುತ್ತಾ ಲೆಕ್ಕ ಬರೆಯಬೇಕು, ನೆಲದ ಮೇಲಿನ ಕುರ್ಚಿ ಆಗಸ್ಟ್ ತಿಂಗಳ ಕೊನೆಗೆ ಇರುವುದಿಲ್ಲ ಎಂದಿದ್ದರು. ಆಮೇಲೆ ಪೀಪಾಯಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಪಂಜರ ಎಷ್ಟು ಭಾರ ತಡೆಯುತ್ತೋ ನೋಡೋಣ. ನಿನ್ನ ತೂಕ ಅದರೊಳಗಿದ್ರೆ ಕೆಲಸ ನಿಂದು. ಇಲ್ದಿದ್ರೆ ನನ್ನ ಬಾಮೈದ ಇದಾನೆ," ಎಂದಿದ್ದರು. ಬಾಮೈದ ಪೊರಕೆಕಡ್ಡಿಯಂತಿದ್ದ. ಅಂಕಿ ಕೂಡಿಸಲು ಬಾರದಿದ್ದರೂ ಪಂಜರಕ್ಕೆ ಹೇಳಿ ಮಾಡಿಸಿದ ಹಾಗಿದ್ದ.

ಅಂದಿನಿಂದ ಮನೆಯಲ್ಲಿ ಪಥ್ಯ ಶುರುವಾಯಿತು. ಅಂಗಡಿಯಲ್ಲಿ 'ಆರೋಗ್ಯಕರ' ಎಂದು ಬರೆದ ಡಬ್ಬಗಳ ಬೆಲೆ ನೋಡಿ ಪೀಪಾಯಣ್ಣನ ಎದೆ ನಿಂತಷ್ಟೇ ಆಯಿತು. ಹೆಂಡತಿ ಮಾತ್ರ ಕಣ್ಣು ಮಿಟುಕಿಸಲಿಲ್ಲ. "ಡಬ್ಬಕ್ಕೆ ಯಾಕ್ರೀ ದುಡ್ಡು ಕೊಡೋದು? ಹೊಟ್ಟೆ ತುಂಬಿಸ್ಕೊಂಡು ಅಂಗಡಿಗೆ ಹೋಗೋಣ, ಚೀಟೀಲಿ ಬರೆದಿದ್ದು ಬಿಟ್ಟು ಬೇರೆ ಏನೂ ಮುಟ್ಟೋದು ಬೇಡ," ಎಂದಳು. ಸಂತೆ ಮುಗಿಯುವ ಹೊತ್ತಿಗೆ ಹೋಗಿ ಸೊಟ್ಟ ಕ್ಯಾರೆಟ್ಟು, ಮೂಗು ಮುರಿದ ಮೂಲಂಗಿ, ಯಾರೂ ಕೇಳದ ಎಲೆಕೋಸು ತಂದಳು. ಒಣಕಾಳನ್ನು ಒಟ್ಟಿಗೆ ಕೊಂಡು ನೆನೆಸಿ ಬೇಯಿಸಿದಳು. ಬಿಸ್ಕತ್ತಿನ ಡಬ್ಬದಲ್ಲಿ ಸೌತೆಕಾಯಿ ಹೆಚ್ಚಿಟ್ಟಳು. ಪೀಪಾಯಣ್ಣ ಬಸ್ಸು ಬಿಟ್ಟು ನಡೆದ. ಕನಸಿನಲ್ಲಿ ಎಲೆಕೋಸು ಬಂದು ಅವನನ್ನು ಹೆಸರು ಹಿಡಿದು ಕರೆಯುವಷ್ಟು ಸಲಿಗೆ ಬೆಳೆಯಿತು.

ಇಷ್ಟಾದರೂ ಒಂದು ವಿಚಿತ್ರ. ಗೋದಾಮಿನ ತೂಕದ ಯಂತ್ರದ ಮೇಲೆ, ಅಂದರೆ ಎಲ್ಲರೂ ಕಾಟಾ ಅನ್ನುವ ಅದರ ಮೇಲೆ, ಅವನು ಪ್ರತಿ ಶನಿವಾರ ನಿಲ್ಲುತ್ತಿದ್ದ. ಪ್ರತಿ ಶನಿವಾರವೂ ತೊಂಬತ್ತಾರು ಕಿಲೋ. ಹೋದ ವಾರದವರೆಗೆ ಒಟ್ಟು ಏಳು ಶನಿವಾರ.

"ಇವತ್ತು ಖಂಡಿತ ಇಳಿದಿರುತ್ತೆ ನೋಡಿ," ಎಂದು ಹೆಂಡತಿ ಪ್ಯಾಂಟನ್ನು ಮಹಡಿ ಮೇಲಿನ ಟೈಲರಮ್ಮನ ಹತ್ತಿರ ಒಯ್ದಳು. ಎರಡು ಸಲ ಅದರ ಸೊಂಟ ಹಿಡಿದು ಹೊಲಿದುಕೊಟ್ಟಿದ್ದ ಟೈಲರಮ್ಮ ಅದನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದರು. "ಇನ್ನು ಹಿಡಿಯೋಕೆ ಜಾಗ ಇಲ್ಲ ಕಣಮ್ಮ. ಹಿಂದಿನ ಎರಡು ಜೇಬೂ ಆಗ್ಲೇ ಮುಖಕ್ಕೆ ಮುಖ ಕೊಟ್ಕೊಂಡಿವೆ. ಇನ್ನೊಂದು ಹೊಲಿಗೆ ಹಾಕಿದ್ರೆ ಎರಡಕ್ಕೂ ಸೇರಿ ಒಂದೇ ಜೇಬು."

ಪೀಪಾಯಣ್ಣ ಮೂಟೆ ಕಟ್ಟುವ ಹುರಿಯಿಂದ ಸೊಂಟ ಬಿಗಿದುಕೊಂಡು ಹೊರಟ.

ಎಂಟೂವರೆಗೆ ಕಾಟಾ ಮೇಸ್ತ್ರಿ ಬಂದಿದ್ದ. ವಾರಕ್ಕೊಮ್ಮೆ ಬಂದು ಕಾಟಾ ಒರೆಸಿ, ಎಣ್ಣೆ ಬಿಟ್ಟು, ಸರಿಯಾಗಿದೆ ಎಂದು ಪುಸ್ತಕದಲ್ಲಿ ಸಹಿ ಹಾಕಿ ಹೋಗುವುದು ಅವನ ಕೆಲಸ. ಬಲು ನಿಯತ್ತಿನ ಮನುಷ್ಯ.

"ಬನ್ನಿ ಅಣ್ಣಾ, ನಿಮಗೇ ಕಾಯ್ತಿದ್ದೆ. ಹತ್ತಿ, ಅಲ್ಲಾಡ್ಬೇಡಿ," ಎಂದ ಮೇಸ್ತ್ರಿ, ಯಂತ್ರದ ಹಿಂದೆ ಕೂತು.

ಪೀಪಾಯಣ್ಣ ಚಪ್ಪಲಿ ಬಿಟ್ಟು, ಬೀಗದ ಕೈ ಗೊಂಚಲು ತೆಗೆದಿಟ್ಟು, ಕಣ್ಣು ಮುಚ್ಚಿ ಹತ್ತಿದ. ಉಸಿರನ್ನೂ ಹೊರಗೆ ಬಿಟ್ಟ, ಅದರದೂ ತೂಕ ಇರುತ್ತದಲ್ಲ.

"ಹಾಂ, ಈಗ ನೋಡಿ."

ಕಣ್ಣು ಬಿಟ್ಟ. ಯಂತ್ರದ ದುಂಡನೆಯ ಮುಖದ ಮೇಲೆ ಮುಳ್ಳು ತೊಂಬತ್ತಾರರಲ್ಲಿ ಮೊಳೆ ಹೊಡೆದ ಹಾಗೆ ನಿಂತಿತ್ತು.

"ಕರೆಕ್ಟು!" ಎಂದು ಮೇಸ್ತ್ರಿ ತೃಪ್ತಿಯಿಂದ ಸಹಿ ಹಾಕಿದ. ಪೀಪಾಯಣ್ಣನಿಗೆ ಅವನ ಕತ್ತು ಹಿಸುಕುವಷ್ಟು ಸಿಟ್ಟು ಬಂತು. ಎಂಟು ವಾರ ಎಲೆಕೋಸು ತಿಂದವನ ಮುಂದೆ ಕರೆಕ್ಟು ಅಂತೆ!

ಹತ್ತು ಗಂಟೆಗೆ ಪಂಜರ ಮಾಡಿದ ವೆಲ್ಡರು ಅದನ್ನು ತೂಗುಹಾಕಿ ಪರೀಕ್ಷೆಗೆ ನಿಂತ. ಕಾಳಿನ ಮೂಟೆಗಳನ್ನೂ ಚಿಕ್ಕ ಚೀಲಗಳನ್ನೂ ಒಂದೊಂದೇ ತೂಗಿಸಿ ಒಳಗಿಡುತ್ತಾ ಹೋದ. ನೂರ ಎಂಬತ್ತಕ್ಕೆ ಮೇಲಿನ ತೊಲೆ 'ಕಿರ್ರ್' ಅಂದಿತು. ವೆಲ್ಡರು ಕೈ ಎತ್ತಿ ನಿಲ್ಲಿಸಿದ. "ಸಾಕು. ನಮ್ಮ ನಿಯಮ ಅಂದ್ರೆ ಇದರ ಅರ್ಧ. ಅದಕ್ಕಿಂತ ಒಂದು ಗ್ರಾಂ ಜಾಸ್ತಿ ಇದ್ರೂ ಮನುಷ್ಯನ್ನ ಹತ್ತಿಸಲ್ಲ." ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ 90 ಎಂದು ಬರೆದ.

"ನಾಲ್ಕು ಗಂಟೆಗೆ ತೂಕ ನೋಡ್ತೀನಿ," ಎಂದು ಯಜಮಾನರು ಪೀಪಾಯಣ್ಣನಿಗೆ ಹೇಳಿ ಒಳಗೆ ಹೋದರು.

ಆರು ಗಂಟೆಯಲ್ಲಿ ಆರು ಕಿಲೋ! ಪಕ್ಕದ ಮೇಜಿನ ಕ್ಯಾಷಿಯರ್ ಕಣ್ಣರಳಿಸಿ ಎದ್ದು ಬಂದ. ಬೇರೆಯವರ ಕಷ್ಟ ಅಂದರೆ ಅವನಿಗೆ ಹಬ್ಬದೂಟ.

"ಹೆದರ್ಬೇಡ ಮಾರಾಯ, ಗಂಟೆಗೊಂದು ಕಿಲೋ, ಎಷ್ಟು ಸಲೀಸು! ಮೊದಲು ತಲೆ ಬೋಳಿಸ್ಕೋ."

"ಕೂದಲು ಆರು ಕಿಲೋ ಇರುತ್ತೇನಯ್ಯಾ?"

"ಶುರು ಎಲ್ಲಿಂದಾದ್ರೂ ಆಗ್ಬೇಕಲ್ಲ."

ತಲೆ ಉಳಿಯಿತು. ಉಳಿದದ್ದು ಉಳಿಯಲಿಲ್ಲ. ಎರಡು ಗೋಣಿಚೀಲ ಹೊದಿಸಿ, ಹುರಿ ಬಿಗಿದು, ಪೀಪಾಯಣ್ಣನನ್ನು ಗೋದಾಮಿನ ಸುತ್ತ ಓಡಿಸಿದರು. ಹಮಾಲರು ಮೂಟೆ ಇಳಿಸುವುದು ಬಿಟ್ಟು ಸಾಲಾಗಿ ಕೂತು ಸುತ್ತು ಎಣಿಸಿದರು. ಹನ್ನೊಂದನೇ ಸುತ್ತಿನಲ್ಲಿ ಅವನು ಉಗಿಬಂಡಿಯಂತೆ ಸದ್ದು ಮಾಡುತ್ತಿದ್ದ. ನೀರು ಕೇಳಿದರೆ ಕ್ಯಾಷಿಯರ್ ತಂಬಿಗೆ ಹಿಂದಕ್ಕೆ ಬಚ್ಚಿಟ್ಟುಕೊಂಡ. "ನೀರು ಅಂದ್ರೆ ತೂಕ ಕಣೋ! ಊಟಾನೂ ಇವತ್ತು ಬೇಡ, ಇಲ್ಲಿ ಕೊಡು ಡಬ್ಬಿ," ಎಂದು ಊಟದ ಡಬ್ಬಿಯನ್ನೂ ಕಿತ್ತುಕೊಂಡ. ಮುಚ್ಚಳ ತೆಗೆದು ಮೂಸಿದ. ಒಳಗೆ ಎಲೆಕೋಸಿನ ಜೊತೆ ಬೇಯಿಸಿದ ಕಾಳು.

ಮೂರೂವರೆಗೆ ಗೇಟಿನ ಹತ್ತಿರ ಗದ್ದಲ ಎದ್ದಿತು. ಹತ್ತಿರದ ಕ್ಯಾಂಟೀನು ನಡೆಸುವ ಕ್ಯಾಂಟೀನಮ್ಮ ತಳ್ಳುಗಾಡಿಯಲ್ಲಿ ಕಾಳಿನ ಮೂಟೆ ಹಾಕಿಕೊಂಡು ಬಂದಿದ್ದರು. ಬಲಗೈಯಲ್ಲಿ ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಬಟ್ಟು. ಬೇರೆ ಹೆಂಗಸರು ಕೈಚೀಲ ಹಿಡಿದಷ್ಟು ಹಗುರವಾಗಿ ಅದನ್ನು ಹಿಡಿದಿದ್ದರು.

"ಎಲ್ಲಿ ಯಜಮಾನ್ರು? ಐವತ್ತು ಕಿಲೋ ಅಂತ ಇವತ್ತು ಬೆಳಿಗ್ಗೆ ಕಳಿಸಿದ ಮೂಟೆ ಇದು. ನಾಲ್ಕು ಕಿಲೋ ಖೋತಾ! ಮೊದಲು ಅರ್ಧ ಕಿಲೋ ಕಮ್ಮಿ ಬಂತು, ಹೋಗ್ಲಿ ಅಂದೆ. ಆಮೇಲೆ ಒಂದಾಯ್ತು, ಎರಡಾಯ್ತು. ಇಲ್ಲೇನು ಹೆಗ್ಗಣ ಸಾಕಿದೀರಾ?"

"ನಮ್ಮಲ್ಲಿ ಹೆಗ್ಗಣ ಇಲ್ಲಮ್ಮಾ," ಎಂದರು ಯಜಮಾನರು ಗಾಬರಿಯಿಂದ.

"ಎರಡು ಕಾಲಿಂದು ಇರಬಹುದು ಸಾರ್," ಎಂದ ಕ್ಯಾಷಿಯರ್ ಮೆಲ್ಲಗೆ, ಮತ್ತು ಮೇಜಿನ ಮೇಲೆ ಡಬ್ಬಿ ಇಟ್ಟು ಮುಚ್ಚಳ ತೆಗೆದ. "ನನಗೇನೂ ಗೊತ್ತಿಲ್ಲಪ್ಪ. ಆದ್ರೆ ಎಂಟು ವಾರದಿಂದ ಇವನ ಡಬ್ಬೀಲಿ ದಿನಾ ಕಾಳು."

ಎಲ್ಲರೂ ಗೋಣಿ ಹೊದ್ದು ಬೆವರುತ್ತಿದ್ದ ಪೀಪಾಯಣ್ಣನ ಕಡೆ ತಿರುಗಿದರು. ಆ ವೇಷದಲ್ಲಿ ಅವನು ಕದ್ದ ಮೂಟೆಯಂತೆಯೇ ಕಾಣುತ್ತಿದ್ದ.

"ಸಾರ್, ಅದು ನಮ್ಮನೆಯವಳು ಅಂಗಡೀಲಿ ದುಡ್ಡು ಕೊಟ್ಟು ತಂದಿದ್ದು! ಪಥ್ಯ ಸಾರ್! ಬರೀ ಕೋಸು, ಕಾಳು!"

"ಬರೀ ಕೋಸು ತಿಂದವನು ಕರಗಬೇಕಿತ್ತಲ್ಲಪ್ಪ? ಹತ್ತು ಕಾಟಾ," ಎಂದರು ಯಜಮಾನರು.

ಗೋಣಿ ಬಿಚ್ಚಿಸಿ ಹತ್ತಿಸಿದರು. ಮುಳ್ಳು ಓಡಿಹೋಗಿ ತೊಂಬತ್ತಾರರ ಹತ್ತಿರ ನಿಂತಿತು. ಬೆಳಿಗ್ಗೆಯಿಂದ ಓಡಿದ್ದರಿಂದ ಕೂದಲೆಳೆಯಷ್ಟು ಕೆಳಗೆ.

"ನೋಡಿದ್ಯಾ? ನಮ್ಮ ಮೂಟೆ ವಾರ ವಾರ ಕರಗ್ತಿದೆ, ನೀನು ಮಾತ್ರ ಕರಗ್ತಿಲ್ಲ. ಕಾಳು ಎಲ್ಲಿಗೆ ಹೋಗ್ತಿದೆ ಅಂತ ಹೇಳೋಕೆ ಪೊಲೀಸರು ಬೇಕಾ?"

"ಪ್ಯಾಂಟು ನೋಡಿ ಸಾರ್!" ಎಂದು ಪೀಪಾಯಣ್ಣ ಅಳುವ ದನಿಯಲ್ಲಿ ಹುರಿ ಬಿಚ್ಚಲು ಹೋದ.

"ಬೇಡ, ಬೇಡ!" ಎಂದು ಇಡೀ ಗೋದಾಮು ಕೂಗಿತು.

"ಸರೀರಿ, ಅವನ ಪ್ಯಾಂಟು ಕಟ್ಕೊಂಡು ನನಗೇನಾಗ್ಬೇಕು? ನನ್ನ ಕಾಳು ಇಲ್ಲೇ ತೂಗಿ," ಎಂದು ಕ್ಯಾಂಟೀನಮ್ಮ ಮೂಟೆಯನ್ನು ಕಾಟಾದ ಮೇಲೆ ಎಳೆಸಿದರು. ಸರಿಯಾಗಿ ಐವತ್ತು ತೋರಿಸಿತು. ಯಜಮಾನರ ಮುಖ ಅರಳಿತು. ಕ್ಯಾಂಟೀನಮ್ಮನ ಹುಬ್ಬು ಗಂಟಾಯಿತು. ಮೂಟೆ ಕೆಳಗಿಳಿಸಿ, ಅದರ ಜಾಗದಲ್ಲಿ ಸರ್ಕಾರಿ ಮುದ್ರೆ ಇದ್ದ ತಮ್ಮ ಇಪ್ಪತ್ತು ಕಿಲೋದ ಬಟ್ಟು ದಢ್ ಎಂದು ಇಟ್ಟರು.

ಮುಳ್ಳು ಇಪ್ಪತ್ತು ದಾಟಿತು, ಇಪ್ಪತ್ತೊಂದೂ ದಾಟಿತು. ಇಪ್ಪತ್ತೊಂದೂ ಮುಕ್ಕಾಲನ್ನೂ ಸ್ವಲ್ಪ ದಾಟಿ ನಿಂತಿತು.

 ಪಂಜರದ ರಾಟೆಗೂ ಎಣ್ಣೆ ಬಿಟ್ಟು ಮುಗಿಸಿ, ಕೈ ಒರೆಸಿಕೊಂಡು ಹೊರಡುತ್ತಿದ್ದ ಕಾಟಾ ಮೇಸ್ತ್ರಿಯನ್ನು ಹಿಡಿದು ತಂದರು.

"ಏನಯ್ಯಾ ಇದು? ಹೇಗೆ ಸರಿಮಾಡ್ತೀಯ ನೀನು ಕಾಟಾನ?"

"ನಮ್ಮ ಬಟ್ಟುಗಳನ್ನ ಮುದ್ರೆ ಹಾಕಿಸೋಕೆ ಕಳಿಸಿ ಎಂಟು ವಾರ ಆಯ್ತಲ್ಲ ಸಾರ್. ಶುಲ್ಕ ಕಟ್ಟಿ ಬಿಡಿಸ್ಕೊಂಡು ಬರ್ತೀನಿ ಅಂದ್ರೆ, ಮುಂದಿನ ವಾರ ನೋಡೋಣ ಅಂತ ತಾವೇ ಅಂದಿದ್ದು." ಮೇಸ್ತ್ರಿ ತೊದಲಿದ. "ಬಟ್ಟು ಇಲ್ಲ ಅಂತ ಕೆಲಸ ನಿಲ್ಲಿಸೋಕಾಗುತ್ತಾ? ತೂಕ ಗೊತ್ತಿರೋದು ಏನಾದ್ರೂ ಬೇಕಿತ್ತು. ಈ ಅಣ್ಣಂದು ಗೋದಾಮಿಗೆ ಬರೋ ವೈದ್ಯರ ಪುಸ್ತಕದಲ್ಲಿ ಮೂರು ವರ್ಷದಿಂದ ತೊಂಬತ್ತಾರೇ ಇತ್ತು. ಅಷ್ಟು ಗಟ್ಟಿ ತೂಕ ಇನ್ಯಾರದ್ದಿದೆ? ಅದಕ್ಕೇ ಪ್ರತಿ ಶನಿವಾರ ಇವರನ್ನ ನಿಲ್ಲಿಸಿ, ಮುಳ್ಳು ತೊಂಬತ್ತಾರಕ್ಕೆ ಬರೋವರೆಗೂ ಹಿಂದಿನ ಸ್ಕ್ರೂ ತಿರುಗಿಸ್ತಿದ್ದೆ."

"ಅಯ್ಯೋ ಪುಣ್ಯಾತ್ಮಾ! ನಾನು ಪಥ್ಯ ಮಾಡ್ತಿದೀನಿ ಅಂತ ನಿನಗೆ ಗೊತ್ತಿರಲಿಲ್ವೇನೋ?" ಎಂದು ಪೀಪಾಯಣ್ಣ ಕೂಗಿದ.

"ಗೊತ್ತಿತ್ತಣ್ಣಾ. ಆದ್ರೆ ತಿರುಗಿಸಿದ ಮೇಲೆ ನೋಡಿದ್ರೆ ಪ್ರತಿ ಸಲ ತೊಂಬತ್ತಾರೇ ಇರ್ತಿತ್ತು. ಪಾಪ, ಇವರಿಗೆ ಪಥ್ಯ ಹತ್ತಲ್ಲ ಅಂದ್ಕೊಂಡೆ. ಯಂತ್ರವೇ ವಾರಕ್ಕೊಂದು ಕಿಲೋ ಸವೀತಿದೆ ಅಂತ ಪುಸ್ತಕದಲ್ಲೂ ಬರೆದಿದೀನಿ, ನೋಡಿ."

ಪುಸ್ತಕ ತೆರೆದರು. ಎಂಟು ಶನಿವಾರ, ಎಂಟು ಸಾಲು, ಮುತ್ತಿನಂಥ ಅಕ್ಷರ: 'ಯಂತ್ರ ಒಂದು ಕಿಲೋ ಕಡಿಮೆ ತೋರಿಸುತ್ತಿತ್ತು. ಸರಿಪಡಿಸಿದೆ.'

ಕ್ಯಾಂಟೀನಮ್ಮನಿಗೆ ನಗು ತಡೆಯಲಾಗಲಿಲ್ಲ. ಅವರ ಬಟ್ಟು ಇಟ್ಟೇ ಮೇಸ್ತ್ರಿ ಸ್ಕ್ರೂ ತಿರುಗಿಸಿ, ಮುಳ್ಳನ್ನು ಇಪ್ಪತ್ತಕ್ಕೆ ತಂದ. ಪೀಪಾಯಣ್ಣ ಮತ್ತೆ ಹತ್ತಿದ. ಹಮಾಲರು ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ನೋಡಿದರು.

"ಎಂಬತ್ತೆಂಟು!"

ಗೋದಾಮಿನ ತಗಡು ಅದುರುವಂತೆ ಕೇಕೆ ಎದ್ದಿತು. ಡಬ್ಬಿ ತೋರಿಸಿದ್ದ ಕ್ಯಾಷಿಯರೇ ಎಲ್ಲರಿಗಿಂತ ಮೊದಲು ಓಡಿಬಂದು, "ನಾನು ಹೇಳಿರ್ಲಿಲ್ವಾ, ಇವನು ಅಂಥವನಲ್ಲ ಅಂತ!" ಎಂದು ತಬ್ಬಿಕೊಂಡ. ಯಜಮಾನರು ಕ್ಯಾಂಟೀನಮ್ಮನಿಗೆ ಕಡಿಮೆಯಾದ ಕಾಳನ್ನೆಲ್ಲ ತುಂಬಿಕೊಡಲು ಹೇಳಿ, ಪೀಪಾಯಣ್ಣನ ಬೆನ್ನು ತಟ್ಟಿದರು. "ತಪ್ಪು ತಿಳಿದೆ ಕಣಪ್ಪ, ಬೇಜಾರು ಮಾಡ್ಕೋಬೇಡ. ತೊಂಬತ್ತರ ಒಳಗೇ ಇದೀಯ. ಪಂಜರ ನಿಂದೇ, ಹತ್ತು."

ಪೀಪಾಯಣ್ಣ ಮನೆಗೆ ಫೋನು ಮಾಡಿದ. "ಎಂಬತ್ತೆಂಟು ಕಣೇ! ಎಂಟು ಕಿಲೋ! ಕೆಲಸ ಸಿಕ್ತು!" ಆ ಕಡೆಯಿಂದ ಹೆಂಡತಿಯ ಕೂಗು, ಟೈಲರಮ್ಮನ ಕೂಗು, ಯಾವುದೋ ಪಾತ್ರೆ ಬಿದ್ದ ಸದ್ದು, ಎಲ್ಲ ಒಟ್ಟಿಗೆ ಕೇಳಿದವು. ಫೋನು ಕಿವಿಗೆ ಹಿಡಿದೇ ಪಂಜರದ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟ.

"ಒಂದ್ನಿಮಿಷ ಅಣ್ಣಾ," ಎಂದ ವೆಲ್ಡರು.

ಅಷ್ಟು ಹೊತ್ತೂ ಮೂಲೆಯಲ್ಲಿ ನಿಂತು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದ ಅವನು ಮುಂದೆ ಬಂದ. "ಬೆಳಿಗ್ಗೆ ನಾನು ಪಂಜರಕ್ಕೆ ಹಾಕಿದ ಮೂಟೆ ತೂಗಿದ್ದು ಯಾವ ಕಾಟಾದಲ್ಲಿ?"

ಎಲ್ಲರ ಕಣ್ಣೂ ಕಾಟಾದ ಕಡೆ ಹೊರಳಿತು. ಆ ಮೂಟೆಗಳು ಇನ್ನೂ ಗೋಡೆ ಬದಿಯಲ್ಲೇ ಇದ್ದವು. ಒಂದೊಂದಾಗಿ ಮತ್ತೆ ತೂಗಿದರು. ತೊಲೆ 'ಕಿರ್ರ್' ಎನ್ನುವಂತೆ ಮಾಡಿದ್ದ ನೂರ ಎಂಬತ್ತು ಕಿಲೋ ಈಗ ನೂರ ಅರವತ್ತೈದಾಗಿತ್ತು.

"ಏನ್ರೀ ಅದು, ಯಾಕೆ ಸುಮ್ಮನಾದ್ರಿ?" ಎಂದು ಫೋನಿನಲ್ಲಿ ಹೆಂಡತಿ ಕೇಳುತ್ತಲೇ ಇದ್ದಳು. ಪೀಪಾಯಣ್ಣ ಒಳಗಿಟ್ಟ ಕಾಲನ್ನು ನಿಧಾನವಾಗಿ ಹೊರಗೆ ತೆಗೆದ.

"ತಿಂಗಳ ಕೊನೆಗೆ ಇನ್ನೂ ಮೂರು ವಾರ ಇದೆಯಲ್ಲಪ್ಪ," ಎಂದು ಯಜಮಾನರು ಸಮಾಧಾನ ಹೇಳಿದರು. ವೆಲ್ಡರು ಹಳೆಯ ಅಂಕಿಯನ್ನು ಚಿಂದಿಯಿಂದ ಒರೆಸಿ, ಕುಂಚ ಅದ್ದಿ, ಹಲಗೆಯ ಮೇಲೆ ಹೊಸದಾಗಿ ಬರೆದ: ಒಬ್ಬರಿಗೆ ಮಾತ್ರ, ಗರಿಷ್ಠ ತೂಕ 82.5 ಕಿಲೋ.