ಮಾತಾಡದೆ ದಾಟಿದ ಸರೋವರ

ಆ ದಿನದ ರಗಳೆಗೆಲ್ಲ ಕಾರಣ ಒಂದು ಜಲಪಾತ. ಅದು ಇದ್ದದ್ದು ಸರೋವರದ ಆಚೆ ದಡದಲ್ಲಿ. ದೋಣಿಯವನು ದಿನಕ್ಕೆ ಆರು ಸಲ ಪ್ರವಾಸಿಗರನ್ನು ಅಲ್ಲಿಗೆ ದಾಟಿಸುತ್ತಿದ್ದ. ಹೆಂಡತಿಯನ್ನು ಮಾತ್ರ ಒಂಬತ್ತು ವರ್ಷದಿಂದ "ನಾಳೆ ಹೋಗೋಣ" ಎಂದು ಸಾಗಹಾಕುತ್ತಿದ್ದ. ಇವತ್ತು ಖಂಡಿತ ಎಂದಿದ್ದ. ಅವಳು ಬುತ್ತಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಾಗಲೇ ಎಂಟು ಜನರ ತಂಡ ಬಂತು. "ನಾಳೆ ಹೋಗೋಣ ಕಣೇ" ಎಂದುಬಿಟ್ಟ, ಪುಣ್ಯಾತ್ಮ.

"ಊರಿಗೆಲ್ಲ ಜಲಪಾತ, ಹೆಂಡತಿಗೆ ನಲ್ಲಿ ನೀರು! ನಾನು ಅಮ್ಮನ ಮನೆಗೆ ಹೋಗ್ತೀನಿ. ಇನ್ನು ಬರಲ್ಲ."

ಅವಳು ಚೀಲದಿಂದ ಬುತ್ತಿ ತೆಗೆದಿಟ್ಟು ಬಟ್ಟೆ ತುಂಬಿಕೊಂಡಳು. ಬಸ್ಸು ಸಿಗುವುದೂ ಆಚೆ ದಡದಲ್ಲೇ, ದಾಟಿಸುವವನು ಇವನೊಬ್ಬನೇ. ಬಂದು ದೋಣಿಯ ತುದಿಯಲ್ಲಿ ಬೆನ್ನು ತಿರುಗಿಸಿ ಕೂತಳು.

ದೋಣಿಯವನಿಗೆ ಊರವರಿಟ್ಟ ಹೆಸರು ರೇಡಿಯೋ. ಅಷ್ಟರಲ್ಲಿ ಅವನು ಪ್ರವಾಸಿಗರಿಗೆ ಎಂದಿನ ಕತೆ ಹೇಳಿ ಮುಗಿಸಿದ್ದ: "ಹಿಂದೆ ಒಬ್ಬ ರಾಜ, ರಾಣಿ ಜಗಳ ಆಡ್ಕೊಂಡು ಬಂದ್ರು ಸ್ವಾಮಿ. ತುಟಿ ಪಿಟಕ್ಕೆನ್ನದೆ ಈ ನೀರು ದಾಟಿದ್ರು. ದಡ ಮುಟ್ಟೋಷ್ಟರಲ್ಲಿ ಜಗಳ ಮಾಯ! ಇವತ್ತಿಗೂ ಹಾಗೇ." ಸಾವಿರ ಸಲ ಹೇಳಿ ಹೇಳಿ ಅವನಿಗೇ ಅದು ನಿಜವೆನಿಸಿಬಿಟ್ಟಿತ್ತು.

ತಂಡದ ಹಿರಿಯರು ಒಬ್ಬ ನಿವೃತ್ತ ಮೇಷ್ಟ್ರು. "ಯಾರಯ್ಯ ಆಕೆ?" ಎಂದರು.

"ನಮ್ಮನೆಯವರು, ಮೇಷ್ಟ್ರೇ."

"ಜಗಳವೋ?"

ರೇಡಿಯೋ ತಲೆ ಕೆರೆದುಕೊಂಡ.

"ಹಾಗಾದ್ರೆ ದಡ ಸೇರೋವರೆಗೂ ಉಸಿರೆತ್ತಬೇಡ!"

ದೋಣಿ ಹೊರಟಿತು. ಅವನಿಗೆ ತಡೆಯಲಾಗಲಿಲ್ಲ. "ನೋಡೇ, ನನ್ನದೇ ತ..."

"ಶ್ಶ್!" ಎಂಟು ತುಟಿಗಳ ಮೇಲೆ ಎಂಟು ಬೆರಳು.

ನಡುನೀರಿನಲ್ಲಿ ಮೇಷ್ಟ್ರ ಟೋಪಿ ಗಾಳಿಗೆ ಹಾರಿ ನೀರಿಗೆ ಬಿತ್ತು. ಅವರೂ ಕೈಸನ್ನೆಯಲ್ಲೇ ಗೋಳಾಡಿದರು. ಹೆಂಡತಿ ಮೂರು ಸಲ ತಿರುಗಿ ಅವನ ಮುಖ ನೋಡಿದಳು. 'ಹೋಗಬೇಡ' ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಮೇಷ್ಟ್ರು ಕಣ್ಣು ಕೆಂಪಗೆ ಮಾಡಿದರು. ಅವಳು ತಿರುಗಿ ನೋಡ್ತಿದ್ದಾಳಲ್ಲ, ಕತೆ ಕೆಲಸ ಮಾಡ್ತಿದೆ ಎಂದುಕೊಂಡು ರೇಡಿಯೋ ಮಾತನ್ನು ನುಂಗಿ ಜೋರಾಗಿ ಹುಟ್ಟು ಹಾಕಿದ.

ದಡ ಮುಟ್ಟಿತು. ಎಂಟೂ ಜನ ಚಪ್ಪಾಳೆ ತಟ್ಟಿದರು. ಅವಳು ಚೀಲ ಹಿಡಿದು ಇಳಿದಳು.

"ಆ ರಾಜ, ರಾಣೀನ ನೀವು ಹುಟ್ಟಿಸಿದ್ದು ನಮ್ಮ ಅಡುಗೆಮನೇಲಿ ಕೂತು. ಮರೆತುಹೋಯ್ತೇನ್ರೀ? ದಾರಿಯುದ್ದಕ್ಕೂ ಕಾದೆ. 'ಹೋಗಬೇಡ ಕಣೇ' ಅಂದಿದ್ರೆ ಅದೇ ದೋಣೀಲಿ ವಾಪಸ್ ಬರ್ತಿದ್ದೆ. ಊರಿಗೆಲ್ಲ ಮಾತಾಡೋ ಬಾಯಿಗೆ ನನ್ನ ಹತ್ರ ಆಡೋಕೆ ಒಂದು ಮಾತಿರಲಿಲ್ಲ."

ಬಸ್ಸು ಬಂದೇಬಿಟ್ಟಿತು. "ಹೋಗಬೇಡ ಕಣೇ!" ಎಂದು ಅವನು ಕೂಗಿದಾಗ ರಸ್ತೆಯಲ್ಲಿ ಧೂಳು ಮಾತ್ರ ಉಳಿದಿತ್ತು.

"ಒಂದು ಮಾತಾಡಿದ್ರೆ ನಿನ್ನ ಗಂಟೇನು ಹೋಗ್ತಿತ್ತಯ್ಯ?" ಎಂದು ಮೇಷ್ಟ್ರು ಗದರಿಸಿ ಜಲಪಾತ ನೋಡಲು ಹೊರಟರು.

ವಾಪಸು ಹೋಗುವಾಗ ಬೇರೆ ತಂಡ ಹತ್ತಿತು. "ಈ ಸರೋವರಕ್ಕೆ ಏನೋ ಕತೆ ಇದೆಯಂತಲ್ಲ?"

"ಇದೆ, ಸ್ವಾಮಿ. ಇದನ್ನ ದಾಟೋವಾಗ ಗಂಡ ಹೆಂಡತಿ ಮಾತಾಡ್ತಾನೇ ಇರಬೇಕು."

ಅವರೆಲ್ಲ ನಕ್ಕು ಮಾತಿಗಿಳಿದರು. ಈಚೆ ದಡದವರೆಗೂ ದೋಣಿಯ ತುಂಬ ಮಾತೋ ಮಾತು. ರೇಡಿಯೋ ಒಬ್ಬನೇ ಸುಮ್ಮನೆ ಹುಟ್ಟು ಹಾಕುತ್ತಿದ್ದ.