ನಾಲ್ಕು ಗಂಟೆಯ ಟೀಗೆ ನಾನು ಮಾಡಿದ ಸಿಹಿ

ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗದವನು ನಾನು. ಪರವಾಡದ ಆ ಕಾರ್ಖಾನೆಯಲ್ಲಿ ನನ್ನ ಸಹಿಯಿಲ್ಲದೆ ಒಂದು ಮಾತ್ರೆಯೂ ಗೇಟು ದಾಟುವುದಿಲ್ಲ. ಆದರೆ ವಿಶಾಖಪಟ್ಟಣದ ನನ್ನ ಮನೆಯಲ್ಲಿ, ಭಾನುವಾರ ನಾಲ್ಕು ಗಂಟೆಯ ಟೀ ಹೊತ್ತಿಗೆ ನಡೆಯುವುದು ಯಾವ ಸಹಿಗೂ ಕಾಯುವುದಿಲ್ಲ. ಏನಾದರೊಂದು ಆಗಿಯೇ ತೀರುತ್ತದೆ.

ಶುರುವಾದದ್ದು ನನ್ನ ಬಾಯಿಂದಲೇ. ಸಿಹಿ ಮಾಡುವುದರಲ್ಲಿ ಕೈಗುಣ ಎಂಬುದೇನೂ ಇಲ್ಲ, ಕ್ರಮ ತಪ್ಪದಿದ್ದರೆ ಯಾರು ಬೇಕಾದರೂ ಮಾಡಬಹುದು ಅಂದೆ. ಹೆಂಡತಿ ಒಲೆ ಆರಿಸಿ ಸೌಟನ್ನು ನನ್ನ ಕೈಗಿಟ್ಟಳು.

"ಯುಗಾದಿವರೆಗೆ ಭಾನುವಾರದ ಅಡುಗೆಮನೆ ನಿಮ್ಮದು. ಅಷ್ಟರಲ್ಲಿ ಹೊರಗಿನವರು ಯಾರಾದರೂ ಒಬ್ಬರು ತಾವಾಗಿ ಬಾಯಿಬಿಟ್ಟು ಇನ್ನೊಂದು ಕೊಡಿ ಅಂತ ಕೇಳಿದರೆ, ಯಾವತ್ತಿಗೂ ನಿಮ್ಮದೇ. ಇಲ್ಲದಿದ್ದರೆ ನಾನು ದ್ವಾರಕಾ ನಗರದ ಅಂಗಡಿಯಿಂದ ಮಿಠಾಯಿ ಡಬ್ಬಿ ತರೋದು, ನೀವು ಮಾತಾಡದೆ ತಿನ್ನೋದು."

ಒಪ್ಪಿದೆ. ಬರೆದು ಸಹಿ ಹಾಕೋಣ ಅಂದದ್ದಕ್ಕೆ ಮಾತ್ರ ಅವಳು ಒಪ್ಪಲಿಲ್ಲ.

ಒಂದೆಳೆ ಪಾಕ

ಮೊದಲು ಕೊಬ್ಬರಿ ಮಿಠಾಯಿ. ವಿಧಾನ ಕೇಳಲು ಮೈಸೂರಿನ ನಮ್ಮ ಅತ್ತೆಯವರಿಗೆ ಫೋನ್ ಮಾಡಿದೆ. ಪೆನ್ನು, ಕಾಗದ ಹಿಡಿದೇ ಕೂತಿದ್ದೆ.

"ಸಕ್ಕರೆ ಒಂದೆಳೆ ಪಾಕ ಬರಬೇಕು ಅಳಿಯಂದಿರೇ."

"ಎಳೆಯ ದಪ್ಪ ಎಷ್ಟಿರಬೇಕು?"

"ಎಳೆ ಎಳೆಯಷ್ಟಿರಬೇಕು."

"ಎಷ್ಟು ನಿಮಿಷಕ್ಕೆ ಬರುತ್ತದೆ?"

"ಅದು ಬಂದಾಗ ಬರುತ್ತೆ."

"ಏಲಕ್ಕಿ ಎಷ್ಟು ಗ್ರಾಂ?"

ಅತ್ತೆಯವರು ಮೆಲ್ಲಗೆ, "ಫೋನು ಅವಳಿಗೆ ಕೊಡಿ" ಅಂದರು. ಕೊಟ್ಟೆ. "ಯಜಮಾನರಿಗೆ ಜ್ವರ ಗಿರ ಏನಾದರೂ ಬಂದಿದೆಯೇನೇ?" ಅಂದದ್ದು ನನಗೂ ಕೇಳಿಸಿತು.

ಕೊನೆಗೆ ನಾನೇ ನಿಮಿಷ ನಿಗದಿ ಮಾಡಿ, ಗಡಿಯಾರ ಇಟ್ಟುಕೊಂಡು ಪಾಕ ಕಾಯಿಸಿದೆ. ಮಿಠಾಯಿ ತಟ್ಟೆಯನ್ನು ಬಿಡಲೊಲ್ಲದು. ಬಿಟ್ಟ ಮೇಲೆ ಚಾಕುವಿಗೆ ಜಗ್ಗಲೊಲ್ಲದು. ಪಕ್ಕದ ಫ್ಲ್ಯಾಟಿನಲ್ಲಿ ವಿಜಯಪುರ ಕಡೆಯ ನೌಕಾಪಡೆಯವರೊಬ್ಬರಿದ್ದಾರೆ. ಟೀಗೆ ಬಂದವರು ಒಂದು ತುಂಡು ಬಾಯಿಗಿಟ್ಟು, ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸುತ್ತ ಬಹಳ ಹೊತ್ತು ಕೂತರು. ಆಮೇಲೆ ಕೈ ಚಾಚಿದರು.

"ಸರ, ಇನ್ನೊಂದು ತುಂಡ ಕೊಡ್ರಿ."

ನಾನು ಎದ್ದೇ ನಿಂತೆ. "ಕೇಳಿದರು! ಕೇಳಿಸಿತಾ?"

"ಲಂಗರಕ್ಕ ಕಟ್ಟಾಕ ಬರ್ತೈತ್ರಿ ಸರ. ಹಡಗ ಒಂದಿಂಚೂ ಅಲುಗಾಡಂಗಿಲ್ಲ."

ಕೇಳಿದ್ದು ಕೇಳಿದ್ದೇ ಎಂದು ನಾನು ವಾದಿಸಿದೆ. "ತಿನ್ನೋಕೆ ಕೇಳಬೇಕು ರೀ" ಅಂದಳು ಹೆಂಡತಿ.

ಮಿತಿಯೊಳಗಿದೆ ಸಾರ್

ನನ್ನ ಕೈಕೆಳಗೆ ಕೆಲಸ ಮಾಡುವ ದಾವಣಗೆರೆಯ ಇಬ್ಬರು ಯುವಕರು ಕಂಪನಿ ಬಸ್ಸಿನಲ್ಲಿ ಊಟದ್ದೇ ಗೋಳು ಹೇಳಿಕೊಳ್ಳುತ್ತಿದ್ದರು. ಭಾನುವಾರ ಮನೆಗೆ ಕರೆದೆ. ಅಂದು ಸಬ್ಬಕ್ಕಿ ಪಾಯಸ. ಕಾರ್ಖಾನೆಯ ಪದ್ಧತಿಯಂತೆ ಮೊದಲು ಸ್ವಲ್ಪ ತೆಗೆದು, ತಾರೀಖಿನ ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿಟ್ಟೆ. ನಾಳೆ ದೂರು ಬಂದರೆ ನೋಡಲು ಇರಲಿ ಅಂತ.

"ಹೇಗಿದೆ?" ಅಂದೆ.

"ಮಿತಿಯೊಳಗಿದೆ ಸಾರ್" ಅಂದ ಒಬ್ಬ, ಲ್ಯಾಬಿನ ವರದಿ ಒಪ್ಪಿಸುವವನಂತೆ ಬೆನ್ನು ನೆಟ್ಟಗೆ ಮಾಡಿಕೊಂಡು.

ಇನ್ನೊಬ್ಬ ಬಟ್ಟಲು ಖಾಲಿ ಮಾಡಿ, ನಾನು ಕೇಳುವ ಮೊದಲೇ, "ಇನ್ನೊಂದು ಸ್ವಲ್ಪ ಹಾಕಿ ಸಾರ್" ಅಂದ. ಹೆಂಡತಿ ಬಟ್ಟಲು ತುಂಬಿಸಿ ಉದಾರವಾಗಿ ತಲೆಯಾಡಿಸಿದಳು. "ಸರಿ, ಗೆದ್ದಿರಿ."

ಒಪ್ಪದವನು ನಾನು. ಮುಂದಿನ ವಾರ ಅವನ ಬಡ್ತಿಯ ವರದಿ ಬರೆಯಬೇಕಾಗಿದ್ದವನು ನಾನೇ. ಅಂಥವನ ಸಾಕ್ಷಿಯನ್ನು ಯಾವ ಮುಖ ಇಟ್ಟುಕೊಂಡು ಒಪ್ಪಲಿ? ಹಾಗೆಂದು ಅವನಿಗೂ ಬಿಡಿಸಿ ಹೇಳಿದೆ: "ನೀನು ಕೇಳಿದ್ದು ಲೆಕ್ಕಕ್ಕಿಲ್ಲಪ್ಪ. ನಿನ್ನ ವರದಿಗೂ ಇದಕ್ಕೂ ಸಂಬಂಧವೂ ಇಲ್ಲ."

ಹುಡುಗನ ಮುಖ ಅರಳಿತು. "ಹಂಗಾರೆ ಇದನ್ನ ತಿನ್ಲೇಬೇಕು ಅಂತೇನಿಲ್ವಾ ಸಾರ್?"

ವಿಜಯವಾಡದಲ್ಲಿ ಸಿಕ್ಕ ಗೌರವ

ಕೆಲಸದ ಮೇಲೆ ವಿಜಯವಾಡಕ್ಕೆ ಕಾರಿನಲ್ಲಿ ಹೋಗಿದ್ದೆ. ಊರು ತಲುಪುತ್ತಲೇ ಗಾಡಿ ಕೆಮ್ಮತೊಡಗಿತು. ಆಟೋನಗರ್‌ನ ಒಂದು ರಿಪೇರಿ ಶೆಡ್ಡಿಗೆ ತಳ್ಳಿಸಿಕೊಂಡು ಬಂದಾಗ ಸರಿಯಾಗಿ ನಾಲ್ಕು ಗಂಟೆ. ಎಲ್ಲಿದ್ದರೂ ನಾಲ್ಕಕ್ಕೆ ಟೀ ಆಗಲೇಬೇಕು. ಫ್ಲಾಸ್ಕು ತೆಗೆದೆ, ರವೆ ಉಂಡೆಯ ಡಬ್ಬಿ ತೆಗೆದೆ. ಹೊರಗಿನವರೂ ಹೌದು, ನನ್ನ ಕೈಕೆಳಗಿನವರೂ ಅಲ್ಲ. ಇದಕ್ಕಿಂತ ಒಳ್ಳೆ ಸಾಕ್ಷಿಗಳು ಎಲ್ಲಿ ಸಿಗುತ್ತಾರೆ? ಕೆಲಸಗಾರರು ಐವರು, ಉಂಡೆಗಳೂ ಐದು. ಒಂದೊಂದು ಕೊಟ್ಟೆ.

ಹಿರಿಯ ಮೇಸ್ತ್ರಿ ತನ್ನದನ್ನು ಪಕ್ಕದವನ ಉಂಡೆಯ ಜೊತೆ ಹಿಡಿದು ನೋಡಿದ. ಕಣ್ಣು ಕಿರಿದಾಯಿತು. ಒಳಗೆ ಹೋಗಿ ಅಳತೆಯ ಸಲಕರಣೆ ತಂದು ಐದನ್ನೂ ಅಳೆದ. "ಕೂದಲೆಳೆ ವ್ಯತ್ಯಾಸ ಇಲ್ಲ ಸಾರ್! ಯಾವ ಮೆಷಿನ್ನು?"

"ಕೈಯಲ್ಲೇ."

ಅಕ್ಕಪಕ್ಕದ ಶೆಡ್ಡಿನವರೂ ಬಂದರು. ಉಂಡೆಗಳು ಗ್ರೀಸು ಮೆತ್ತಿದ ಕೈಯಿಂದ ಕೈಗೆ ಹೋದವು. ಉರುಳಿಸಿ ನೋಡಿದರು, ಬೆಳಕಿಗೆ ಹಿಡಿದರು, ನನಗೆ ಕುರ್ಚಿ ಹಾಕಿದರು. ಮೂವತ್ತು ವರ್ಷದ ನೌಕರಿಯಲ್ಲಿ ಅಷ್ಟು ಮರ್ಯಾದೆ ನನಗೆ ಸಿಕ್ಕಿಲ್ಲ. ಇಂಥದ್ದನ್ನು ಹಲ್ಲಿಂದ ಕಚ್ಚಿ ಹಾಳು ಮಾಡಲು ಮನಸ್ಸು ಬರುವುದಿಲ್ಲ ಎಂದು ಐದನ್ನೂ ಭಕ್ತಿಯಿಂದ ಡಬ್ಬಿಗೆ ವಾಪಸು ಹಾಕಿದರು.

ಮನೆಯಲ್ಲಿ ಹೆಂಡತಿ ಮುಚ್ಚಳ ತೆಗೆದು ನೋಡಿದಳು. "ಅರೆ, ಎಳ್ಳುಂಡೆ ಯಾವಾಗ ಮಾಡಿದ್ರಿ?"

ಕೊನೆಯ ಭಾನುವಾರ

ಯುಗಾದಿಗೆ ಮುಂಚಿನ ಕೊನೆಯ ಭಾನುವಾರ ಬಂತು. ವಿಜಯವಾಡದಲ್ಲಿ ಹಿಂದೆ ನಾವು ಬಾಡಿಗೆಗಿದ್ದ ಮನೆಯ ಯಜಮಾನರೂ ಅವರ ಹೆಂಡತಿಯೂ ಮದುವೆಗೆಂದು ವಿಶಾಖಪಟ್ಟಣಕ್ಕೆ ಬಂದವರು ನಮ್ಮಲ್ಲಿಗೆ ಟೀಗೆ ಬಂದರು. ಇಬ್ಬರಿಗೂ ಎಪ್ಪತ್ತರ ಮೇಲೆ. ನಮ್ಮ ಮಾತೆಲ್ಲ ತೆಲುಗಿನಲ್ಲೇ.

ಅಂದು ಹಾಲುಬಾಯಿ ಮಾಡಿದ್ದೆ. ಅಕ್ಕಿ, ತೆಂಗಿನಕಾಯಿ, ಬೆಲ್ಲ, ಅಷ್ಟೇ. ಯಾಕೋ ಗಡಿಯಾರ ನೋಡುವುದು ಮರೆತು, ತಳ ಬಿಡುವವರೆಗೂ ಸುಮ್ಮನೆ ಕೈಯಾಡಿಸುತ್ತ ನಿಂತಿದ್ದೆ. ನಡುಗುವಷ್ಟು ಮೆತ್ತಗೆ ಬಂದಿತ್ತು. ಯಜಮಾನರು ಕಣ್ಣು ಮುಚ್ಚಿಕೊಂಡು ತಿಂದರು. ಶಿಷ್ಟಾಚಾರಕ್ಕೆ, "ಇನ್ನೊಂದು ಹಾಕಲೇ?" ಅಂದೆ.

"ವದ್ದಂಡಿ, ವದ್ದು" ಅಂದರು, ಬೇಡ ಅಂತ. ಆಕೆಯೂ ತಟ್ಟೆಗೆ ಕೈ ಅಡ್ಡ ಹಿಡಿದರು.

ಬೇಡ ಅಂದ ಮೇಲೆ ಬೇಡ. ಡಬ್ಬಿ ಮುಚ್ಚಿ ಒಳಗಿಟ್ಟು ಬಂದೆ. ಟೀ ಮುಗಿಯಿತು, ಅವರು ಹೊರಟರು, ನನ್ನ ಅಡುಗೆಮನೆಯೂ ಹೊರಟಿತು. ಹೆಂಡತಿ ನಗುತ್ತಿದ್ದಳು.

ಐದು ನಿಮಿಷಕ್ಕೆ ಬಾಗಿಲ ಗಂಟೆ ಸದ್ದಾಯಿತು. ಯಜಮಾನರೊಬ್ಬರೇ. "ಕನ್ನಡಕ ಮರೆತೆ." ನಾನು ಮೊಣಕಾಲೂರಿ ಸೋಫಾದ ಕೆಳಗೆ ಹುಡುಕುತ್ತಿದ್ದೆ. ಅಷ್ಟರಲ್ಲಿ ಒಳಗಿನಿಂದ ಹೆಂಡತಿ, "ರೀ, ಬನ್ನಿ ಇಲ್ಲಿ!" ಅಂದಳು.

ಅಡುಗೆಮನೆಯಲ್ಲಿ ಡಬ್ಬಿ ತೆರೆದಿತ್ತು. ಯಜಮಾನರ ಬಾಯಲ್ಲೊಂದು ಹಾಲುಬಾಯಿ, ಕೈಯಲ್ಲೊಂದು. ಕನ್ನಡಕ ಅಂಗಿಯ ಜೇಬಿನಲ್ಲಿ. ನುಂಗಿಕೊಂಡು ನನ್ನನ್ನೇ ಗದರಿದರು.

"ಏನು ಸಾರ್ ನೀವು! ಒಂದು ಸಲ ವದ್ದು ಅಂದ ತಕ್ಷಣ ಒಳಗೆ ತಗೊಂಡು ಹೋಗೋದಾ? ಮೂರು ಸಲವಾದರೂ ಬಲವಂತ ಮಾಡಬೇಡವೇ?"

"ಬೇಡ ಅಂದವರಿಗೆ ಬಡಿಸುವುದು ತಪ್ಪಲ್ಲವೇ?"

"ಬೇಡ ಅಂದವರಿಗೇ ಸಾರ್ ಬಡಿಸೋದು! ಬೇಕು ಅಂದವರಿಗೆ ಯಾರು ಬೇಕಾದರೂ ಬಡಿಸ್ತಾರೆ."

ನಾನು ಹೆಂಡತಿಯತ್ತ ತಿರುಗಿದೆ. "ಗೆದ್ದೆ ತಾನೇ?"

"ಇವರು ಎಲ್ಲಿ ಕೇಳಿದರು? ಕದ್ದರು."

ನಿಯಮ ನಿಯಮವೇ. ಅಷ್ಟರಲ್ಲಿ ಕೆಳಗೆ ಕಾದು ಕಾದು ಸಾಕಾಗಿ ಯಜಮಾನರ ಹೆಂಡತಿಯೂ ಮೇಲೆ ಬಂದರು. ಗಂಡನ ಮೀಸೆಗಂಟಿದ ಹಾಲುಬಾಯಿ ನೋಡಿದರು, ಡಬ್ಬಿ ನೋಡಿದರು. ಕನ್ನಡಕದ ಸುದ್ದಿಯನ್ನೇ ಎತ್ತದೆ ನನ್ನ ಮುಂದೆ ಅಂಗೈ ಚಾಚಿದರು.

"ನಾಕೇದಿ?" ನನಗೆಲ್ಲಿ ಅಂತ.

"ಆಯ್ತು" ಅಂದಳು ಹೆಂಡತಿ. "ಯಾವತ್ತಿಗೂ ನಿಮ್ಮದೇ."

ಒಂದು ದೊಡ್ಡ ತುಂಡನ್ನೇ ಆಕೆಯ ಅಂಗೈಗಿಟ್ಟೆ. "ಅಮ್ಮಾ, ಇನ್ನೊಂದು ಕೊಡಲೇ?" ಅಂದೆ.

"ಅಯ್ಯೋ, ವದ್ದಂಡಿ" ಅಂದರು.

ಡಬ್ಬಿ ಮುಚ್ಚಿದೆ.